ಏನನ್ನೂ ಮುಚ್ಚಿಡದ ಆಂಪ್ ಮುಂದೆ ಓವರ್‌ಡ್ರೈವ್

ಗಿಟಾರ್ ನುಡಿಸುವವರ ನಡುವೆ ಒಂದು ಮಾತು ತುಂಬಾ ಓಡಾಡುತ್ತದೆ. ಕ್ಲೀನ್ ಸಾಲಿಡ್ ಸ್ಟೇಟ್ ಜಾಝ್ ಆಂಪ್‌ಗೆ, ಅಂದರೆ ಸದ್ದು ಒಡೆಯದ ಟ್ರಾನ್ಸಿಸ್ಟರ್ ಆಂಪ್‌ಗೆ, ಸದ್ದನ್ನು ಬೇಕೆಂದೇ ಒಡೆಯುವ ಓವರ್‌ಡ್ರೈವ್ ಪೆಡಲ್ ಒಗ್ಗುವುದಿಲ್ಲ, ಡ್ರೈವ್ ಬೇಕಾದರೆ ಗಾಜಿನ ವಾಲ್ವ್‌ಗಳ ಟ್ಯೂಬ್ ಆಂಪ್ ತಗೊಳ್ಳಿ ಅಂತ. ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಟ್ಯೂಬ್ ಆಂಪ್ ಮುಂದೆ ದುಂಡಗೆ, ತುಂಬಿಕೊಂಡು ಹಾಡುತ್ತಿದ್ದ ಪೆಡಲನ್ನು ತಂದು ರೋಲ್ಯಾಂಡ್ ಜೆಸಿ-120 ಅನ್ನುವ ಸಾಲಿಡ್ ಸ್ಟೇಟ್ ಆಂಪ್ ಮುಂದೆ ಇಟ್ಟರೆ, ಅದೇ ಪೆಡಲ್ ಝುಯ್ಯೆಂದು ಕಿವಿ ಚುಚ್ಚುತ್ತದೆ. ಸ್ವರ ಒಂದು ಕಡೆ, ಅದರ ಮೇಲೆ ಕೂತ ಗರಗರ ಇನ್ನೊಂದು ಕಡೆ. ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ. ಸ್ವಲ್ಪ ಹೊತ್ತು ನುಡಿಸಿ, ಬೇಜಾರಾಗಿ ಪೆಡಲ್ ಆಫ್ ಮಾಡುವವರೇ ಜಾಸ್ತಿ.

ನನಗೆ ಮಾತ್ರ ಈ ಜೋಡಿ ಮನಸಾರೆ ಇಷ್ಟ. ಬೇರೆ ಗತಿಯಿಲ್ಲದೆ ಹೊಂದಿಕೊಂಡದ್ದಲ್ಲ. ಎರಡೂ ಬಗೆಯ ಆಂಪ್ ನುಡಿಸಿ, ಕೇಳಿ, ಕೊನೆಗೆ ಇಲ್ಲಿಗೇ ಬಂದು ನಿಂತಿದ್ದೇನೆ. ಟ್ಯೂಬ್ ಆಂಪ್ ಜತೆ ಪೆಡಲ್ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧವನ್ನು ಆಂಪ್ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಕ್ಲೀನ್ ಸಾಲಿಡ್ ಸ್ಟೇಟ್ ಆಂಪ್ ಜತೆ ಆ ಇನ್ನರ್ಧವನ್ನೂ ನಾವೇ ಮಾಡಬೇಕು. ಅದು ಏನು ಅಂತ ಗೊತ್ತಾದರೆ ಈ ಆಂಪ್‌ನಷ್ಟು ನಂಬಿಕಸ್ಥ ಜತೆಗಾರ ಇನ್ನೊಂದಿಲ್ಲ.

ಮೊದಲು ಈ ಆಂಪ್‌ಗಳು ಯಾತಕ್ಕೆ ಅಂತ ನೋಡೋಣ. ಜಾಝ್ ಗಿಟಾರಿನಲ್ಲಿ ಒಂದು ಕಾರ್ಡ್ ಹಿಡಿದರೆ ನಾಲ್ಕೈದು ಸ್ವರ ಇರುತ್ತವೆ. ಅದರಲ್ಲಿ ಒಂದೆರಡು ಪರಸ್ಪರ ಉಜ್ಜಾಡುವ ಸ್ವರಗಳು. ಪ್ರತಿಯೊಂದೂ ಬಿಡಿಬಿಡಿಯಾಗಿ ಕೇಳಬೇಕು. ಡ್ರಮ್ಸ್ ಪಕ್ಕದಲ್ಲಿ ನುಡಿಸಿದರೂ ಸದ್ದು ಒಡೆಯಬಾರದು. ಟ್ಯೂಬ್ ಆಂಪ್ ಜೋರು ಮಾಡಿದಷ್ಟೂ ಒಡೆಯುತ್ತ ಹೋಗುತ್ತದೆ. ಅದಕ್ಕೇ ಹಲವರು ಟ್ರಾನ್ಸಿಸ್ಟರ್ ಆಂಪ್ ಕಡೆ ತಿರುಗಿದರು. ಜಾಝ್ ಗಿಟಾರಿಸ್ಟ್ ಜೋ ಪಾಸ್ ಕೈಯಲ್ಲಿ ಪಾಲಿಟೋನ್ ಆಂಪ್ ಹೆಸರಾಯಿತು. ಪ್ಯಾಟ್ ಮೆಥೀನಿ ವರ್ಷಗಟ್ಟಲೆ ಅಕೌಸ್ಟಿಕ್ 134 ಅನ್ನುವ ಸಾಲಿಡ್ ಸ್ಟೇಟ್ ಆಂಪ್ ನುಡಿಸಿದರು. ಬ್ಲೂಸ್‌ನ ಬಿ.ಬಿ. ಕಿಂಗ್ ಕೂಡ ಲ್ಯಾಬ್ ಸೀರೀಸ್ ಎಲ್5 ಅನ್ನುವ ಸಾಲಿಡ್ ಸ್ಟೇಟ್ ಆಂಪನ್ನು ಬಹಳ ಕಾಲ ಇಟ್ಟುಕೊಂಡಿದ್ದರು. ಟ್ರಾನ್ಸಿಸ್ಟರ್‌ಗೆ ಜೀವವಿಲ್ಲ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು, ಅಲ್ವಾ?

ಜೆಸಿ-120 ಬಂದದ್ದು 1975ರಲ್ಲಿ. ಒಳಗೆ 60 ವಾಟ್‌ನ ಎರಡು ಪವರ್ ಆಂಪ್, ಎದುರಿಗೆ 12 ಇಂಚಿನ ಎರಡು ಸ್ಪೀಕರ್. ಕೋರಸ್ ಹಾಕಿದಾಗ ಒಂದು ಸ್ಪೀಕರ್‌ನಿಂದ ನೇರ ಸದ್ದು ಬರುತ್ತದೆ, ಇನ್ನೊಂದರಿಂದ ಶ್ರುತಿ ಸ್ವಲ್ಪ ಅಲುಗಾಡುವ ಸದ್ದು. ಎರಡೂ ಬೆರೆಯುವುದು ತಂತಿಯೊಳಗಲ್ಲ, ಕೋಣೆಯ ಗಾಳಿಯಲ್ಲಿ. ಆ ಕೋರಸ್ ಸರ್ಕ್ಯೂಟನ್ನೇ 1976ರಲ್ಲಿ ಬಾಸ್ ಕಂಪನಿ ಸಿಇ-1 ಪೆಡಲ್ ಆಗಿ ಹೊರತಂದಿತು. ಇಷ್ಟು ವರ್ಷವಾದರೂ ಈ ಆಂಪ್ ಸ್ಟುಡಿಯೊಗಳಲ್ಲಿ, ವೇದಿಕೆಗಳಲ್ಲಿ ಇದೆ. ಎಲ್ಲಿ ಹೋಗಿ ನುಡಿಸಿದರೂ ಅದು ಅದೇ ಸದ್ದು. ನನಗಂತೂ ಇದು ದೊಡ್ಡ ಗುಣ.

ಈಗ ಟ್ಯೂಬ್ ಆಂಪ್ ಸದ್ದಿಲ್ಲದೆ ಮಾಡುವ ಆ ಇನ್ನರ್ಧ ಕೆಲಸಕ್ಕೆ ಬರೋಣ. ಪೆಡಲ್‌ನಿಂದ ಜೋರಾದ ಸಿಗ್ನಲ್ ಬಂದಾಗ ಆಂಪ್‌ನ ಮೊದಲ ಟ್ಯೂಬ್ ಅದನ್ನು ಥಟ್ಟನೆ ಕತ್ತರಿಸುವುದಿಲ್ಲ, ನಿಧಾನವಾಗಿ ಬಾಗಿಸುತ್ತದೆ. ಮುಂದೆ ಪವರ್ ಟ್ಯೂಬ್‌ಗಳು ಸದ್ದಿನ ತಲೆಯನ್ನು ಇನ್ನಷ್ಟು ಒತ್ತಿ ಹಿಡಿಯುತ್ತವೆ. ಇಷ್ಟು ಎಲ್ಲರಿಗೂ ಗೊತ್ತಿರುವ ವಿಷಯ. ಅಷ್ಟಾಗಿ ಯಾರೂ ಮಾತಾಡದ ಇನ್ನೊಂದಿದೆ. ಸ್ಪೀಕರ್ ಒಡ್ಡುವ ವಿದ್ಯುತ್ ತಡೆ ಎಲ್ಲ ಕಂಪನಗಳಿಗೂ ಒಂದೇ ಅಲ್ಲ. ಕೆಳಗೆ, ಸುಮಾರು 100 ಹರ್ಟ್ಜ್ ಆಸುಪಾಸಿನಲ್ಲಿ ಒಂದು ಕಡೆ ಏರುತ್ತದೆ. ಮತ್ತೆ ಟ್ರೆಬಲ್ ಕಡೆ ಏರುತ್ತ ಹೋಗುತ್ತದೆ. ಟ್ಯೂಬ್ ಆಂಪ್ ಆ ಏರಿಳಿತಕ್ಕೆ ತಕ್ಕಂತೆ ಬಾಗುತ್ತದೆ. ಹಾಗಾಗಿ ಕೆಳಗೆ ಸ್ವಲ್ಪ ದಪ್ಪ, ಮೇಲೆ ಸ್ವಲ್ಪ ಹೊಳಪು ತಾನಾಗಿಯೇ ಬರುತ್ತದೆ. ಸಾಮಾನ್ಯ ಸಾಲಿಡ್ ಸ್ಟೇಟ್ ಆಂಪ್ ಹೀಗೆ ಬಾಗುವುದಿಲ್ಲ. ಸ್ಪೀಕರ್ ಏನೇ ತಡೆ ಒಡ್ಡಿದರೂ ಅದು ಕೊಡಬೇಕಾದ ವೋಲ್ಟೇಜ್ ಕೊಟ್ಟೇ ಕೊಡುತ್ತದೆ. ಬೆರಳಿಗೆ ಇದು ಬಿಗಿ ಅನಿಸುತ್ತದೆ. ಸ್ವರ ಎಷ್ಟು ಬೇಗ ಎದ್ದಿತೋ ಅಷ್ಟೇ ಬೇಗ ನಿಲ್ಲುತ್ತದೆ.

ಜತೆಗೆ ಒಂದು ಲೆಕ್ಕ. ಗಿಟಾರಿನ ದಪ್ಪ ಇ ತಂತಿ, ಮಾಮೂಲಿ ಶ್ರುತಿಯಲ್ಲಿ, 82 ಹರ್ಟ್ಜ್‌ನಲ್ಲಿ ಕಂಪಿಸುತ್ತದೆ. ಅತಿ ತೆಳು ತಂತಿಯ 22ನೇ ಫ್ರೆಟ್ ಅಂದರೆ ಸುಮಾರು 1175 ಹರ್ಟ್ಜ್. ಅಂದರೆ ನಾವು ಬೆರಳಿಟ್ಟು ನುಡಿಸುವ ಮೂಲ ಸ್ವರಗಳೆಲ್ಲ 1200 ಹರ್ಟ್ಜ್ ಒಳಗೇ ಮುಗಿದವು. ಅದರ ಮೇಲೆ ಕೇಳುವುದೆಲ್ಲ ಹಾರ್ಮೋನಿಕ್‌ಗಳು, ಅಂದರೆ ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು. ಓವರ್‌ಡ್ರೈವ್ ಮಾಡುವ ಕೆಲಸವೇ ಹೊಸ ಹಾರ್ಮೋನಿಕ್ ಹುಟ್ಟಿಸುವುದು. ಅಲೆಯ ತಲೆ ಎಷ್ಟು ಚೂಪಾಗಿ ಕತ್ತರಿಸುತ್ತದೋ ಅಷ್ಟು ಮೇಲಿನವರೆಗೆ ಅವು ಹಬ್ಬುತ್ತವೆ. ಸಾಮಾನ್ಯ ಗಿಟಾರ್ ಸ್ಪೀಕರ್ 5000 ಹರ್ಟ್ಜ್ ದಾಟಿದ ಮೇಲೆ ಬೇಗ ಸೋಲುತ್ತದೆ, ಆ ಕಸದಲ್ಲಿ ಬಹುಪಾಲು ಅಲ್ಲೇ ನಿಲ್ಲುತ್ತದೆ. ಜೆಸಿಯಂತಹ ಆಂಪ್ ಮೇಲಿನ ಭಾಗದಲ್ಲಿ ಧಾರಾಳಿ. ಕ್ಲೀನ್ ನುಡಿಸುವಾಗ ಆ ಧಾರಾಳವೇ ಮಿಂಚು. ಡ್ರೈವ್ ಹಾಕಿದಾಗ ಅದೇ ಚುಚ್ಚುವ ಸದ್ದು. ನುಣ್ಣಗೆ ಗಾರೆ ಮಾಡಿದ ಗೋಡೆಯ ಮೇಲೆ ಸಣ್ಣ ಗೀರೂ ಕಾಣುವ ಹಾಗೆ, ಪೆಡಲ್ ಒಳಗಿನ ಒರಟೆಲ್ಲ ಇಲ್ಲಿ ಎದ್ದು ಕಾಣುತ್ತದೆ.

ಇದನ್ನೆಲ್ಲ ಇಟ್ಟುಕೊಂಡು ಎಲ್ಲರ ಪರಿಚಯದ ಟ್ಯೂಬ್ ಸ್ಕ್ರೀಮರ್ ನೋಡಿ. ಐಬನೀಜ್ ಹೆಸರಲ್ಲಿ 1979ರ ಹೊತ್ತಿಗೆ ಬಂದ ಹಸಿರು ಪೆಡಲ್. ಅದರೊಳಗೆ ಸಿಗ್ನಲ್ ಹಿಗ್ಗಿಸುವ ಒಂದು ಆಪ್-ಆಂಪ್ ಚಿಪ್, ಆ ಚಿಪ್‌ನ ಫೀಡ್‌ಬ್ಯಾಕ್ ದಾರಿಯಲ್ಲಿ ಅಲೆಯ ತಲೆ ಕತ್ತರಿಸುವ ಎರಡು ಡಯೋಡ್. ಗೇನ್, ಅಂದರೆ ಸಿಗ್ನಲ್ ಹಿಗ್ಗುವ ಪ್ರಮಾಣ, ಪೂರ್ತಿ ಸಿಗುವುದು 720 ಹರ್ಟ್ಜ್ ಮೇಲಿನ ಸದ್ದಿಗೆ. ಅದಕ್ಕಿಂತ ಕೆಳಗೆ ಗೇನ್ ಇಳಿಯುತ್ತ ಹೋಗುತ್ತದೆ. ಕತ್ತರಿಸಿ ಆದ ಮೇಲೆ ಸರಿಸುಮಾರು ಅದೇ ಜಾಗದಿಂದ ಮೇಲಿನ ಭಾಗವನ್ನು ಇಳಿಸುವ ಇನ್ನೊಂದು ಫಿಲ್ಟರ್ ಇದೆ. ಕೆಳಗೂ ಇಳಿಕೆ, ಮೇಲೂ ಇಳಿಕೆ, ನಡುವೆ ಒಂದು ಗುಡ್ಡ. ಫೆಂಡರ್ ತರಹದ ಟ್ಯೂಬ್ ಆಂಪ್‌ನಲ್ಲಿ ಮಿಡ್ ಮೊದಲೇ ಕಡಿಮೆ, ಅಲ್ಲಿ ಈ ಗುಡ್ಡ ಆ ಗುಂಡಿಯನ್ನು ತುಂಬುತ್ತದೆ. ಬೇಸ್ ಕಡಿಮೆಯಾಗಿ ಹೋಗುವುದರಿಂದ ಟ್ಯೂಬ್‌ಗಳು ಕೊಚ್ಚೆಯಾಗದೆ ಒಡೆಯುತ್ತವೆ. ಜಗತ್ತಿನ ಎಷ್ಟೋ ಜನ ಈ ಪೆಡಲ್‌ನ ಡ್ರೈವ್ ನಾಬ್ ಇಳಿಸಿ, ಲೆವೆಲ್ ಏರಿಸಿ, ಆಂಪನ್ನೇ ತಳ್ಳಲು ಬಳಸುತ್ತಾರೆ.

ಕ್ಲೀನ್ ಆಂಪ್ ಮುಂದೆ ತಳ್ಳಲು ಏನೂ ಇಲ್ಲ. ಲೆವೆಲ್ ಏರಿಸಿದರೆ ಸದ್ದು ಜೋರಾಗುತ್ತದೆ, ಅಷ್ಟೆ. ಇನ್ನೂ ಏರಿಸಿದರೆ ಆಂಪ್‌ನ ಮೊದಲ ಹಂತವಾದ ಪ್ರಿಆಂಪ್‌ನ ಟ್ರಾನ್ಸಿಸ್ಟರ್‌ಗಳು ಮಿತಿ ಮುಟ್ಟಿ ಥಟ್ಟನೆ ಕತ್ತರಿಸುತ್ತವೆ, ಅದು ಕೇಳಲಾಗದ ಸದ್ದು. ಹಾಗಾಗಿ ಆ ನಡುವಿನ ಗುಡ್ಡ ಬರೀ ಗುಡ್ಡವಾಗಿಯೇ ಉಳಿದು, ಮೂಗಿನಲ್ಲಿ ಮಾತಾಡಿದಂತೆ ಕೇಳುತ್ತದೆ. ಪೆಡಲ್ ಕೆಟ್ಟದ್ದು ಅನ್ನುವ ತೀರ್ಮಾನಕ್ಕೆ ಜನ ಬರುವುದು ಇಲ್ಲೇ. ನನ್ನ ಅನುಭವದಲ್ಲಿ ಅದು ಪೂರ್ತಿ ನ್ಯಾಯವಲ್ಲ. ಹಂಬಕರ್ ಅನ್ನುವ ಜೋಡಿ ಸುರುಳಿಯ ಪಿಕಪ್ ಇರುವ ಜಾಝ್ ಗಿಟಾರ್, ಕತ್ತಿನ ಪಕ್ಕದ ನೆಕ್ ಪಿಕಪ್, ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್ ತಂತಿ ಇದ್ದರೆ ಗಿಟಾರಿನಿಂದಲೇ ಬೇಸ್ ಜಾಸ್ತಿ ಬರುತ್ತದೆ. ಅಲ್ಲಿ ಟ್ಯೂಬ್ ಸ್ಕ್ರೀಮರ್‌ನ ಬೇಸ್ ಇಳಿಕೆ ವರವೇ. ಒಂಟಿ ಸ್ವರಗಳ ಸಾಲು ನುಡಿಸಿ ನೋಡಿ. ಸ್ಯಾಕ್ಸೊಫೋನ್‌ನ ಗಂಟಲಿನಂತಹ ಒಂದು ಬಿಗಿ ಸಿಗುತ್ತದೆ. ಆಂಪ್‌ನ ಬೇಸ್ ನಾಬನ್ನು ಸ್ವಲ್ಪ ಏರಿಸಿದರೆ ಕಳೆದುಹೋದ ಮೈ ವಾಪಸ್ ಬರುತ್ತದೆ.

ಇಲ್ಲಿಂದ ನಾನು ಕಲಿತದ್ದು ಒಂದೇ ಸೂತ್ರ. ಕತ್ತರಿಸುವ ಮೊದಲು ಬೇಸ್ ಇಳಿಸಬೇಕು, ಕತ್ತರಿಸಿದ ಮೇಲೆ ಟ್ರೆಬಲ್ ಇಳಿಸಬೇಕು. ಯಾವ ಪೆಡಲ್ ಆದರೂ ಸರಿ. ಇದಕ್ಕೆ ಕಾರಣವಿದೆ. ಗಿಟಾರಿನ ಸಿಗ್ನಲ್‌ನಲ್ಲಿ ಶಕ್ತಿ ಜಾಸ್ತಿ ಇರುವುದು ಕೆಳಗಿನ ಸ್ವರಗಳಲ್ಲಿ. ಎಲ್ಲವನ್ನೂ ಹಾಗೇ ಡಯೋಡ್‌ಗಳಿಗೆ ಕಳಿಸಿದರೆ ಬೇಸೇ ಅಲೆಯನ್ನು ಮಿತಿಗೆ ತಳ್ಳುತ್ತದೆ. ಅದರ ಮೇಲೆ ಸವಾರಿ ಮಾಡುತ್ತಿದ್ದ ಮೇಲಿನ ಸ್ವರಗಳು ಅಲ್ಲಲ್ಲಿ ಕತ್ತರಿಸಿ ಹೋಗುತ್ತವೆ. ಪರ್ರ್ ಎನ್ನುವ ಒಡಕು ಅದರದೇ. ಮೊದಲೇ ಬೇಸ್ ತಗ್ಗಿಸಿದರೆ ಒಡಕು ಬಿಗಿಯಾಗುತ್ತದೆ. ತಗ್ಗಿಸಿದ ಬೇಸನ್ನು ಆಮೇಲೆ ಮತ್ತೆ ಸೇರಿಸಿಕೊಳ್ಳಬಹುದು, ಆಗ ಅದು ಒಡೆಯದೆ ದುಂಡಗೇ ಇರುತ್ತದೆ. ಟ್ರೆಬಲ್ ವಿಷಯ ಇದಕ್ಕೆ ಉಲ್ಟಾ. ಗಿಟಾರಿನ ಟೋನ್ ನಾಬ್ ಪೂರ್ತಿ ಇಳಿಸಿ ಡ್ರೈವ್ ಹಾಕಿದರೂ ಹೊಸ ಹಾರ್ಮೋನಿಕ್‌ಗಳು ಪೆಡಲ್ ಒಳಗೇ ಹುಟ್ಟುತ್ತವೆ. ಅವನ್ನು ಇಳಿಸಲು ಪೆಡಲ್ ಆದ ಮೇಲೆಯೇ ಏನಾದರೂ ಇರಬೇಕು.

ಆ ಏನಾದರೂ ಅಂದರೆ ದೊಡ್ಡ ಖರ್ಚಿನದೇನಲ್ಲ. ಡ್ರೈವ್ ಪೆಡಲ್ ನಂತರ ಒಂದು ಗ್ರಾಫಿಕ್ ಈಕ್ವಲೈಸರ್ ಪೆಡಲ್ ಸಾಕು. ಅದರ ತುದಿಯ ಒಂದೆರಡು ಸ್ಲೈಡರ್ ಕೆಳಗೆಳೆದು, 400 ಮತ್ತು 800ರ ನಡುವೆ ಚೂರು ಏರಿಸಿ ನೋಡಿ. ಒಂದು ಸ್ಲೈಡರ್‌ಗೆ ಇಷ್ಟು ಶಕ್ತಿ ಇದೆಯಾ ಅಂತ ಅಚ್ಚರಿಯಾಗುತ್ತದೆ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಕ್ಯಾಬಿನೆಟ್ ಸಿಮ್ಯುಲೇಟರ್, ಅಂದರೆ ಗಿಟಾರ್ ಸ್ಪೀಕರ್ ಮಾಡುವ ಸೋಸುವ ಕೆಲಸವನ್ನು ತಾನೇ ಮಾಡುವ ಸರ್ಕ್ಯೂಟ್. ಸ್ಪೀಕರ್ ಇದ್ದ ಮೇಲೆ ಇನ್ನೊಂದು ಸ್ಪೀಕರಿನ ನಕಲು ಯಾಕೆ ಅಂತ ಕೇಳಬಹುದು. ನಿಯಮದ ಪ್ರಕಾರ ಬೇಡ. ಕಿವಿಯ ಪ್ರಕಾರ, ಇಷ್ಟು ತೆರೆದ ಆಂಪ್ ಜತೆ, ಎಷ್ಟೋ ಸಲ ಬೇಕು. ನಾನು ಕಿವಿಯ ಪಕ್ಷ.

ಪೆಡಲ್‌ಗಳಲ್ಲಿ ಯಾವುದು ಅಂದರೆ, ಒಂದೊಂದಕ್ಕೂ ಒಂದೊಂದು ಸ್ವಭಾವ. ಬಾಸ್ ಎಸ್‌ಡಿ-1 ಬಂದದ್ದು 1981ರಲ್ಲಿ, ಅದಕ್ಕೆ ಮೊದಲು 1977ರಲ್ಲಿ ಓಡಿ-1. ಇವು ಅಲೆಯ ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಒಂದೇ ಥರ ಕತ್ತರಿಸುವುದಿಲ್ಲ. ಒಂದು ಕಡೆ ಎರಡು ಡಯೋಡ್, ಇನ್ನೊಂದು ಕಡೆ ಒಂದು. ಸದ್ದಿನಲ್ಲಿ ಸ್ವಲ್ಪ ಸಡಿಲ, ಸ್ವಲ್ಪ ಬಿಸುಪು ಇರುತ್ತದೆ. 1995ರ ಬ್ಲೂಸ್ ಡ್ರೈವರ್‌ನಲ್ಲಿ ನಡುವಿನ ಗುಡ್ಡ ಇಲ್ಲ, ಮೈ ಪೂರ್ತಿ ಇದೆ. ಬೆರಳಿನ ಒತ್ತಡಕ್ಕೆ ಅದು ಚೆನ್ನಾಗಿ ಓಗೊಡುತ್ತದೆ. ಅದರ ಮೇಲಿನ ಭಾಗ ಮಾತ್ರ ಚೂಪು. ಜೆಸಿ ಮುಂದೆ ಅದರ ಟೋನ್ ನಾಬ್ ಅರ್ಧ ದಾಟಿದರೆ ನನಗೆ ಸಹಿಸಲಾಗುವುದಿಲ್ಲ. ಅರ್ಧದ ಕೆಳಗಿಟ್ಟರೆ ಅದರಷ್ಟು ಸಹಜವಾದದ್ದು ಕಡಿಮೆ.

ರ‍್ಯಾಟ್ ಅನ್ನುವ ಪೆಡಲ್ ಬೇರೆಯದೇ ಜಾತಿ. ಅದರ ಡಯೋಡ್‌ಗಳು ಆಪ್-ಆಂಪ್ ಆದ ಮೇಲೆ ಸಿಗ್ನಲ್‌ನಿಂದ ನೆಲಕ್ಕೆ ಕೂತಿವೆ, ಹಾಗಾಗಿ ಕತ್ತರಿ ಗಟ್ಟಿ. ಕೇಳಿದರೆ ಇದು ಕ್ಲೀನ್ ಆಂಪ್‌ಗೆ ಆಗದ ಪೆಡಲ್ ಅನಿಸಬೇಕು. ಆದರೆ ಅದರಲ್ಲಿ ಫಿಲ್ಟರ್ ಅಂತ ಒಂದು ನಾಬ್ ಇದೆ. ಅದು ಸಾಮಾನ್ಯ ಟೋನ್ ನಾಬ್‌ಗೆ ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಇಳಿಯುತ್ತದೆ. ಮತ್ತು ಅದು ಇರುವುದು ಕತ್ತರಿಸಿ ಆದ ಮೇಲೆ. ಮೇಲೆ ಹೇಳಿದ ಸೂತ್ರದ ಎರಡನೇ ಅರ್ಧ ಪೆಡಲ್ ಒಳಗೇ ಸಿಕ್ಕಿತು! ಗೇನ್ ತೀರಾ ಕೆಳಗೆ, ಫಿಲ್ಟರ್ ಮುಕ್ಕಾಲು. ಗಿಟಾರಿಸ್ಟ್ ಜಾನ್ ಸ್ಕೋಫೀಲ್ಡ್ ಈ ಪೆಡಲನ್ನು ಜಾಝ್ ಒಳಗೆ ತಂದು ಕೂರಿಸಿದ ರೀತಿ ಎಲ್ಲರಿಗೂ ಗೊತ್ತು. ಅವರದು ಟ್ಯೂಬ್ ಆಂಪ್ ದಾರಿ, ನಿಜ. ಆದರೂ ಒರಟು ಪೆಡಲ್ ಒಂದನ್ನು ಕಡಿಮೆ ಗೇನ್‌ನಲ್ಲಿ ಮಾತಾಡಿಸುವುದು ಹೇಗೆ ಅನ್ನುವುದನ್ನು ಅವರಿಂದ ಕೇಳಿ ಕಲಿಯಬಹುದು.

ಇನ್ನು ಕ್ಲಾನ್ ಸೆಂಟಾರ್ ಮತ್ತು ಅದರ ಲೆಕ್ಕವಿಲ್ಲದಷ್ಟು ನಕಲುಗಳು. 1994ರಲ್ಲಿ ಬಿಲ್ ಫಿನೆಗನ್ ತಂದ ಈ ಪೆಡಲ್‌ನಲ್ಲಿ ಕತ್ತರಿಸಿದ ಸದ್ದಿನ ಜತೆ ಕತ್ತರಿಸದ ಸದ್ದೂ ಬೆರೆತು ಬರುತ್ತದೆ. ಗೇನ್ ನಾಬ್ ತಿರುಗಿಸಿದ ಹಾಗೆ ಎರಡರ ಪ್ರಮಾಣ ಬದಲಾಗುತ್ತದೆ. ಇದರ ಹೆಸರಿನ ಸುತ್ತ ಎದ್ದಿರುವ ಗದ್ದಲ ಪಕ್ಕಕ್ಕಿಡಿ. ಕ್ಲೀನ್ ಸದ್ದನ್ನು ಬೆರೆಸುವ ಆ ಉಪಾಯ ನಮ್ಮ ಆಂಪ್‌ಗಳಿಗೆ ತುಂಬಾ ಒಳ್ಳೆಯದು. ಪಿಕ್ ತಂತಿಗೆ ತಾಗಿದ ಮೊದಲ ಕ್ಷಣ ಹಾಗೇ ಉಳಿಯುತ್ತದೆ, ಹಿಂದೆಯೇ ಡ್ರೈವ್ ಬಂದು ಕೂಡಿಕೊಳ್ಳುತ್ತದೆ. ಮಿಕ್ಸ್ ನಾಬ್ ಇರುವ ಯಾವುದೇ ಡ್ರೈವ್ ಪೆಡಲ್‌ನಲ್ಲಿ ಇದನ್ನು ಮಾಡಬಹುದು.

ಮತ್ತೊಂದು ಬಗೆ ಇದೆ, ಇಡೀ ಆಂಪನ್ನೇ ಪೆಡಲ್ ಒಳಗೆ ಕೂರಿಸಲು ನೋಡುವಂಥವು. ಟೆಕ್ 21ರ ಸ್ಯಾನ್ಸ್‌ಆಂಪ್ 1989ರಲ್ಲಿ ಬಂತು, ಅದರಲ್ಲಿ ಸ್ಪೀಕರಿನ ಸೋಸುವಿಕೆಯೂ ಸೇರಿತ್ತು. ಮಾರ್ಷಲ್ ಕೂಡ ಆಸುಪಾಸಿನ ಕಾಲದಲ್ಲೇ ತನ್ನ ಆಂಪ್‌ನ ಗುಣವನ್ನು ಪೆಡಲ್‌ಗೆ ಇಳಿಸಿ ಗವರ್ನರ್ ತಂದಿತು. ಕ್ಲೀನ್ ಆಂಪ್ ಮಾತ್ರ ಇರುವವರಿಗೆ, ಒಂದೇ ಪೆಡಲ್ ಕೊಳ್ಳಬೇಕು ಅಂದರೆ, ನಾನು ತೋರಿಸುವುದು ಈ ಸಾಲನ್ನೇ. ಇವು ಬೇರೆ ಆಂಪ್‌ನ ಸಹಾಯ ನಂಬಿ ಮಾಡಿದವಲ್ಲ. ಇನ್ನರ್ಧ ಕೆಲಸವನ್ನೂ ತಾವೇ ಮಾಡಿಕೊಂಡು ಬರುತ್ತವೆ.

ಎರಡು ಪೆಡಲ್ ಇದ್ದರೆ ಇನ್ನೊಂದು ದಾರಿಯಿದೆ, ನನಗೆ ತುಂಬಾ ಹಿಡಿಸಿದ ದಾರಿ. ಕಡಿಮೆ ಗೇನ್‌ನ ಒಂದು ಪೆಡಲನ್ನು ಸಾಲಿನ ಕೊನೆಯಲ್ಲಿಟ್ಟು ಅದನ್ನು ಆಫ್ ಮಾಡದೇ ಇರುವುದು. ಡ್ರೈವ್ ಇದೆ ಅಂತ ಗೊತ್ತಾಗಬಾರದು, ಜೋರಾಗಿ ಹೊಡೆದಾಗ ಮಾತ್ರ ಸ್ವರದ ಅಂಚು ಮಂದವಾಗಬೇಕು. ಅಂದರೆ ಅದು ಇಲ್ಲದ ಟ್ಯೂಬ್‌ನ ಜಾಗ ತುಂಬುತ್ತದೆ. ಅದಕ್ಕೆ ಮೊದಲು ಬರುವಂತೆ ಎರಡನೇ ಪೆಡಲ್ ಹಾಕಿದರೆ, ಈಗ ಅದಕ್ಕೆ ತಳ್ಳಲು ಏನೋ ಒಂದು ಸಿಕ್ಕಿತು. ಟ್ಯೂಬ್ ಸ್ಕ್ರೀಮರ್ ಈ ಜಾಗದಲ್ಲಿ ಮತ್ತೆ ತನ್ನ ಹಳೆಯ ಹದಕ್ಕೆ ಬರುತ್ತದೆ.

ಇದೆಲ್ಲ ಆಗುವ ಮಾತೇ ಅಂತ ಅನುಮಾನ ಇರುವವರು ಜಾಝ್ ಗಿಟಾರಿಸ್ಟ್ ಮೈಕ್ ಸ್ಟರ್ನ್ ನುಡಿಸಿದ್ದನ್ನು ಕೇಳಬೇಕು. 1980ರ ದಶಕದ ಆರಂಭದಲ್ಲಿ ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಜತೆ ನುಡಿಸಿದವರು. ಬಹಳ ವರ್ಷ ಅವರ ಆಂಪ್ ಯಮಾಹಾ ಜಿ100, ಅಪ್ಪಟ ಸಾಲಿಡ್ ಸ್ಟೇಟ್. ಮುಂದೆ ಬಾಸ್‌ನ ಸಾಮಾನ್ಯ ಡಿಸ್ಟಾರ್ಶನ್ ಪೆಡಲ್, ಜತೆಗೆ ಯಮಾಹಾದ ಎಸ್‌ಪಿಎಕ್ಸ್90 ಅನ್ನುವ ಎಫೆಕ್ಟ್ಸ್ ಯಂತ್ರದಿಂದ ಕೋರಸ್‌ನಂತಹ ಅಗಲ, ಸ್ವಲ್ಪ ಡಿಲೇ. ಬೀಬಾಪ್ ಅನ್ನುವ ವೇಗದ ಜಾಝ್‌ನ ಸಾಲುಗಳನ್ನು ಡಿಸ್ಟಾರ್ಶನ್ ಮೇಲೆ ಅವರು ನುಡಿಸಿದಾಗ ಒಂದು ಸ್ವರವೂ ಮಸುಕಾಗುವುದಿಲ್ಲ. ಅವರ ಬೆರಳು ನಮಗಿಲ್ಲ, ಒಪ್ಪಿದೆ. ಆದರೆ ಆ ಸ್ಪಷ್ಟತೆಯಲ್ಲಿ ಆಂಪ್‌ಗೂ ಪಾಲಿದೆ. ಕೆಳಗೆ ಗಟ್ಟಿಯಾಗಿ ನಿಂತ ಆಂಪ್ ಮೇಲೆ ಪೆಡಲ್ ಒಂದೇ ಕಡೆ ಒಡೆಯುತ್ತದೆ. ಮೂರು ಕಡೆ ಒಡೆದರೆ ವೇಗದ ಸಾಲು ಕಲಸಿಹೋಗುತ್ತದೆ.

ಕಾರ್ಡ್‌ಗಳ ವಿಷಯದಲ್ಲಿ ಆಂಪ್‌ನ ಮೇಲೆ ತಪ್ಪು ಹೊರಿಸುವುದು ಜಾಸ್ತಿ, ಆದರೆ ಕಾರಣ ಕಂಪನಗಳ ಲೆಕ್ಕದಲ್ಲಿದೆ. ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎರಡು ಸ್ವರ ಒಟ್ಟಿಗೆ ಡ್ರೈವ್ ಒಳಗೆ ಹೋದರೆ ಹೊರಗೆ ಬರುವುದು ಆ ಎರಡು ಮತ್ತು ಅವುಗಳ ಹಾರ್ಮೋನಿಕ್ ಮಾತ್ರ ಅಲ್ಲ. ಅವುಗಳ ಕಂಪನದ ಮೊತ್ತ, ವ್ಯತ್ಯಾಸ, ಮತ್ತೆ ಆ ಬಗೆಯ ಹಲವು ಹೊಸ ಕಂಪನಗಳೂ ಹುಟ್ಟುತ್ತವೆ. ನಾವು ನುಡಿಸದ ಸ್ವರಗಳು ಇವು. ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆಯಾಗಿ ಕತ್ತರಿಸುವ ಪೆಡಲ್‌ನಲ್ಲಿ ಈ ನೇರ ವ್ಯತ್ಯಾಸದ ಸ್ವರ ಚೆನ್ನಾಗಿಯೇ ಕೇಳುತ್ತದೆ.

220 ಹರ್ಟ್ಜ್‌ನ ಎ ಸ್ವರ ತಗೊಳ್ಳಿ. ಅದರ ಜತೆ ಪಂಚಮ, ಅಂದರೆ 329.6ರ ಇ ನುಡಿಸಿದರೆ ವ್ಯತ್ಯಾಸ 109.6. ಇದು ಒಂದು ಆಕ್ಟೇವ್ ಕೆಳಗಿನ ಎ, ಹೆಚ್ಚುಕಡಿಮೆ ಶ್ರುತಿಯಲ್ಲೇ ಇದೆ. ಷಡ್ಜ-ಪಂಚಮ ಎಷ್ಟೇ ಡಿಸ್ಟಾರ್ಶನ್‌ನಲ್ಲೂ ಗಟ್ಟಿಯಾಗಿ ಕೇಳುವುದು ಇದಕ್ಕೇ. ರಾಕ್ ಸಂಗೀತ ಅದರ ಮೇಲೆಯೇ ನಿಂತಿದೆ. ಪಂಚಮದ ಬದಲು 277.2ರ ಸಿ ಶಾರ್ಪ್ ನುಡಿಸಿದರೆ ವ್ಯತ್ಯಾಸ 57.2. ಎರಡು ಆಕ್ಟೇವ್ ಕೆಳಗಿನ ಎ ಇರುವುದು 55ರಲ್ಲಿ. ಶ್ರುತಿ ಬಿಟ್ಟ ಎ ಒಂದು ಕೆಳಗೆ ಗೊಣಗುತ್ತದೆ. ಈಗ ಮೇಜರ್ ಸೆವೆಂತ್, 415.3ರ ಜಿ ಶಾರ್ಪ್. ವ್ಯತ್ಯಾಸ 195.3. ಇದು ಸರಿಸುಮಾರು ಜಿ ನ್ಯಾಚುರಲ್! ಎ ಮತ್ತು ಜಿ ಶಾರ್ಪ್ ಇರುವ ಸುಂದರ ಕಾರ್ಡ್ ಒಳಗೆ, ಯಾರೂ ಕರೆಯದ ಜಿ ಬಂದು ಕೂತಿತು. ಇನ್ನು ಅರ್ಧ ಸ್ವರದ ಅಂತರದಲ್ಲಿ ಎರಡು ಸ್ವರ ನುಡಿಸಿದರೆ ವ್ಯತ್ಯಾಸ 13 ಹರ್ಟ್ಜ್, ಅದು ಸ್ವರವೇ ಅಲ್ಲ, ಬರೀ ನಡುಕ.

ಐದು ಸ್ವರದ ಕಾರ್ಡ್‌ನಲ್ಲಿ ಇಂಥ ಜೋಡಿಗಳು ಹತ್ತು. ಯಾವ ಆಂಪ್ ಆದರೂ ಇದನ್ನು ತಡೆಯಲಾರದು. ಟ್ಯೂಬ್ ಆಂಪ್ ಸ್ವಲ್ಪ ಮರೆಸಬಹುದು, ಅಷ್ಟೆ. ಹಾಗಾಗಿ ಡ್ರೈವ್ ಹಾಕಿದಾಗ ಕಾರ್ಡ್ ಹಿಡಿಯುವ ರೀತಿಯನ್ನೇ ಬದಲಿಸಬೇಕು. ನಾನು ಎರಡು ಸ್ವರಕ್ಕೆ, ಹೆಚ್ಚೆಂದರೆ ಮೂರಕ್ಕೆ ಇಳಿಯುತ್ತೇನೆ. ಮೂಲ ಸ್ವರವನ್ನು ಬೇಸ್ ನುಡಿಸುವವರಿಗೆ ಬಿಟ್ಟುಬಿಡುತ್ತೇನೆ. ಅಂತರಗಳನ್ನು ಅಗಲ ಮಾಡುತ್ತೇನೆ, ಮೂರನೆಯ ಸ್ವರವನ್ನು ಒಂದು ಆಕ್ಟೇವ್ ಮೇಲೆ ಒಯ್ದು ಹತ್ತನೆಯದಾಗಿ ನುಡಿಸಿದರೆ ಅದು ಉಸಿರಾಡುತ್ತದೆ. ಆರ್ಪೆಜಿಯೊ ಥರ ಬಿಡಿಸಿ ನುಡಿಸುವುದೂ ಒಂದು ದಾರಿ, ಆದರೆ ಹಿಂದಿನ ತಂತಿಯನ್ನು ಬೆರಳಿಂದ ಒತ್ತಿ ನಿಲ್ಲಿಸುತ್ತ ಹೋಗಬೇಕು. ಪೂರ್ತಿ ಕಾರ್ಡ್ ಬೇಕೇ ಬೇಕು ಅನಿಸಿದಾಗ ಗಿಟಾರಿನ ವಾಲ್ಯೂಮ್ ನಾಬ್ ಅರ್ಧಕ್ಕೆ ಇಳಿಸುತ್ತೇನೆ. ಗೇನ್ ಕಡಿಮೆ ಇರುವ ಪೆಡಲ್ ಆಗ ಹೆಚ್ಚುಕಡಿಮೆ ಕ್ಲೀನ್ ಆಗಿಬಿಡುತ್ತದೆ. ಈ ಆಂಪ್‌ಗಳಲ್ಲಿ ಅದು ಎಷ್ಟು ಸಲೀಸಾಗಿ ಆಗುತ್ತದೆ ಅಂದರೆ, ಪೆಡಲ್ ಮೇಲೆ ಕಾಲಿಡುವ ಅಭ್ಯಾಸವೇ ಕಡಿಮೆಯಾಗುತ್ತದೆ.

ಆಂಪ್‌ನ ನಾಬ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬ್ರೈಟ್ ಸ್ವಿಚ್ ಆಫ್, ಯಾವಾಗಲೂ. ಟ್ರೆಬಲ್ ಅರ್ಧಕ್ಕಿಂತ ಕೆಳಗೆ, ಮಿಡ್ ಧಾರಾಳ. ಆದರೆ ಆಂಪ್‌ನಲ್ಲಿ ಟ್ರೆಬಲ್ ತೀರಾ ಇಳಿಸಿದರೆ ಕ್ಲೀನ್ ಸದ್ದು ಸಪ್ಪೆಯಾಗುತ್ತದೆ, ಅದಕ್ಕೇ ಆ ಕೆಲಸ ಪೆಡಲ್ ಪಕ್ಕದ ಈಕ್ವಲೈಸರ್‌ಗೆ ಬಿಡುವುದು ವಾಸಿ. ಹೈ, ಲೋ ಅಂತ ಎರಡು ಇನ್‌ಪುಟ್ ಇದ್ದರೆ ಪೆಡಲ್‌ಗಳನ್ನು ಲೋಗೆ ಸೇರಿಸಿ ಕೇಳಿ ನೋಡಿ, ಪ್ರಿಆಂಪ್ ನಿರಾಳವಾಗಿರುತ್ತದೆ. ಜೆಸಿಯ ಒಳಗೇ ಇರುವ ಡಿಸ್ಟಾರ್ಶನ್ ನಾಬ್ ನಾನು ಮುಟ್ಟುವುದಿಲ್ಲ. ಆಂಪ್ ಥರದ ಪೆಡಲ್ ಇದ್ದರೆ ಅದನ್ನು ಆಂಪ್‌ನಲ್ಲಿರುವ ಎಫೆಕ್ಟ್ಸ್ ರಿಟರ್ನ್ ಅನ್ನುವ ಇನ್ನೊಂದು ಇನ್‌ಪುಟ್‌ಗೆ ನೇರ ಹಾಕಬಹುದು, ಆಂಪ್‌ನ ಟೋನ್ ಭಾಗ ದಾಟಿ ಹೋಗುತ್ತದೆ, ಸದ್ದು ಇನ್ನೂ ನೇರ.

ಕೋರಸ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದೆ ಇರಬಹುದು. ಡ್ರೈವ್ ಜತೆ ಕೋರಸ್ ಹಾಕಬಾರದು ಅನ್ನುವವರಿದ್ದಾರೆ. ಕೋರಸ್ ಮೊದಲು, ಡ್ರೈವ್ ಆಮೇಲೆ ಬಂದರೆ ಆ ಮಾತು ನಿಜ, ಅಲುಗಾಡುವ ಶ್ರುತಿಯನ್ನು ಕತ್ತರಿಸಿದರೆ ಕಲಸುಮೇಲೋಗರ. ಜೆಸಿಯಲ್ಲಿ ಕೋರಸ್ ಇರುವುದು ಪೆಡಲ್ ಆದ ಮೇಲೆ, ಅದೂ ಎರಡು ಸ್ಪೀಕರ್ ನಡುವೆ ಹಂಚಿಕೊಂಡು. ಕಡಿಮೆ ಗೇನ್‌ನ ಒಂಟಿ ಸ್ವರಕ್ಕೆ ಅದು ಅಗಲ ಕೊಡುತ್ತದೆ, ಡ್ರೈವ್‌ನ ಅಂಚನ್ನೂ ಮೆತ್ತಗೆ ಮಾಡುತ್ತದೆ. ನಿಧಾನದ ಹಾಡುಗಳಿಗೆ ನಾನು ಅದನ್ನು ಸಂತೋಷವಾಗಿ ಬಳಸುತ್ತೇನೆ. ರಿವರ್ಬ್ ಮಾತ್ರ ಸ್ವಲ್ಪವೇ.

ಇಷ್ಟು ಕೆಲಸ ಮಾಡಿದ್ದಕ್ಕೆ ಪ್ರತಿಫಲ ಏನು ಅಂದರೆ, ಮೊದಲನೆಯದು ವಾಲ್ಯೂಮ್. ಟ್ಯೂಬ್ ಆಂಪ್‌ನ ಒಳ್ಳೆಯ ಡ್ರೈವ್ ಸಿಗುವುದು ಜೋರು ಮಾಡಿದಾಗ. ಇಲ್ಲಿ ಒಡೆಯುವುದು ಪೆಡಲ್ ಒಳಗೆ, ಆಂಪ್ ಎಷ್ಟು ಜೋರಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ರಾತ್ರಿ ಮಾತಾಡುವಷ್ಟು ಸದ್ದಿನಲ್ಲಿ ಅಭ್ಯಾಸ ಮಾಡಿದ ಸ್ಪರ್ಶವೇ ವೇದಿಕೆ ಮೇಲೂ ಕೈಗೆ ಸಿಗುತ್ತದೆ. ಕಿವಿ ಮಾತ್ರ ಬದಲಾಗುತ್ತದೆ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಮತ್ತು ತೀರಾ ಮೇಲಿನ ಭಾಗ ಕಡಿಮೆ ಕೇಳುತ್ತದೆ, ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಮನೆಯಲ್ಲಿ ಸಿಹಿಯಾಗಿ ಕೇಳಿದ ಸೆಟ್ಟಿಂಗ್ ಜೋರು ಮಾಡಿದಾಗ ಚುಚ್ಚಬಹುದು. ಜೋರಿಗೆ ಹೋಗುವಾಗ ಟ್ರೆಬಲ್ ಇನ್ನೊಂದು ಚೂರು ಇಳಿಸಿಕೊಂಡೇ ಶುರು ಮಾಡಿ.

ಎರಡನೆಯದು ಸ್ಪರ್ಶ. ಈ ಆಂಪ್ ಸದ್ದಿನ ತಲೆ ಒತ್ತುವುದಿಲ್ಲ, ಮೆತ್ತಗೆ ಹೊಡೆದದ್ದು ಮೆತ್ತಗೇ, ಜೋರಾಗಿ ಹೊಡೆದದ್ದು ಜೋರಾಗೇ ಬರುತ್ತದೆ. ಪೆಡಲ್‌ನ ಗೇನ್ ಕಡಿಮೆ ಇಟ್ಟರೆ ಕ್ಲೀನ್ ಎಲ್ಲಿ ಮುಗಿದು ಒಡಕು ಎಲ್ಲಿ ಶುರುವಾಗಬೇಕು ಅನ್ನುವುದು ಪೂರ್ತಿ ಬಲಗೈಯಲ್ಲಿದೆ. ಪಿಕ್ ಬಿಟ್ಟು ಹೆಬ್ಬೆರಳಿನಿಂದ ನುಡಿಸಿದರೆ ಕ್ಲೀನ್. ಪಿಕ್ ಓರೆ ಮಾಡಿ ಒತ್ತಿದರೆ ಸ್ವರ ಗೊಗ್ಗರಾಗುತ್ತದೆ. ಒಂದೇ ಸಾಲಿನೊಳಗೆ ಎರಡನ್ನೂ ಬೆರೆಸಬಹುದು. ನಾನು ಡ್ರೈವ್ ಬಳಸುವುದೇ ಈ ಒಂದು ವಿಷಯಕ್ಕೆ.

ಉಳಿದದ್ದು ನಿಂತುಕೊಳ್ಳುವ ಜಾಗ. 12 ಇಂಚಿನ ಸ್ಪೀಕರ್ ಟ್ರೆಬಲನ್ನು ನೇರ ಮುಂದಕ್ಕೆ ಎಸೆಯುತ್ತದೆ, ಪಕ್ಕಕ್ಕೆ ಹರಡುವುದಿಲ್ಲ. ಆಂಪ್ ನೆಲದ ಮೇಲಿದ್ದು ನೀವು ಹತ್ತಿರ ನಿಂತಿದ್ದರೆ ಚೂಪು ಭಾಗ ನಿಮ್ಮ ಮೊಣಕಾಲಿಗೆ ಹೋಗುತ್ತದೆ. ನಿಮಗೆ ಮೃದುವಾಗಿ ಕೇಳಿದ್ದು ಎದುರು ಕೂತವರಿಗೆ ಚುಚ್ಚುತ್ತಿರುತ್ತದೆ. ಆಂಪನ್ನು ಓರೆಯಾಗಿ ಮೇಲಕ್ಕೆ ತಿರುಗಿಸಿ, ಸ್ಪೀಕರಿನ ನಡುಭಾಗ ಕಿವಿಗೆ ನೇರ ಬರುವಂತೆ ಮಾಡಿ, ಆಮೇಲೆ ಈಕ್ವಲೈಸರ್ ಮುಟ್ಟಿ. ಹಾಲೋ ಬಾಡಿ ಗಿಟಾರ್ ಆದರೆ ಡ್ರೈವ್ ಹಾಕಿದಾಗ ಫೀಡ್‌ಬ್ಯಾಕ್ ಬೇಗ ಏಳುತ್ತದೆ. ಸಾಮಾನ್ಯವಾಗಿ ಅದು ಬೇಸ್ ಕಡೆಯ ಒಂದೇ ಕಂಪನ, ಪೆಡಲ್ ಮುಂಚಿನ ಬೇಸ್ ಇಳಿಕೆ ಅಲ್ಲೂ ಸಹಾಯಕ್ಕೆ ಬರುತ್ತದೆ. ಆಂಪ್‌ಗೆ ಬೆನ್ನು ಕೊಟ್ಟು ನಿಂತರೆ ನಿಮ್ಮ ಮೈಯೇ ಗಿಟಾರಿಗೆ ಅಡ್ಡ.

ಪೆಡಲ್ ಆರಿಸಲು ಹೋಗುವವರಿಗೆ ಕೊನೆಯದಾಗಿ ಒಂದು ಮಾತು. ನಿಮ್ಮದೇ ಗಿಟಾರ್ ಒಯ್ಯಿರಿ, ಕ್ಲೀನ್ ಸಾಲಿಡ್ ಸ್ಟೇಟ್ ಆಂಪ್‌ಗೇ ಹಾಕಿ ಕೇಳಿ. ಟ್ಯೂಬ್ ಆಂಪ್‌ಗೆ ಹಾಕಿ ತೋರಿಸಿದರೆ ಅದು ನಿಮಗೆ ಉಪಯೋಗವಿಲ್ಲದ ಮಾಹಿತಿ. ಗೇನ್ ಪೂರ್ತಿ ಕೆಳಗಿಟ್ಟು ಶುರು ಮಾಡಿ. ಎತ್ತರದ ಸ್ವರಗಳಲ್ಲಿ ಹಾರಾಡುವ ಮೊದಲು, ನೆಕ್ ಪಿಕಪ್‌ನಲ್ಲಿ, ನಡುವಿನ ತಂತಿಗಳ ಮೇಲೆ, ಚೆನ್ನಾಗಿ ಗೊತ್ತಿರುವ ಒಂದು ನಿಧಾನದ ರಾಗ ನುಡಿಸಿ. ಉದ್ದ ಹಿಡಿದ ಸ್ವರ ಸಾಯುವ ಕಡೆ ಗಮನ ಕೊಡಿ. ಒಡಕಿನಿಂದ ಕ್ಲೀನ್ ಕಡೆಗೆ ಅದು ನಯವಾಗಿ ಜಾರಿದರೆ ಪೆಡಲ್ ತಗೊಳ್ಳಿ. ಕೊನೆಯಲ್ಲಿ ಚಟಪಟ ಅಂದು ಥಟ್ಟನೆ ಸತ್ತರೆ, ಬೇರೆ ಎಲ್ಲ ಎಷ್ಟೇ ಚೆನ್ನಾಗಿದ್ದರೂ, ಈ ಆಂಪ್‌ಗೆ ಅದು ಬೇಡ.